ಏನೂ ಆಗಲಿಲ್ಲ

ಅರ್ನಾಲ್ಡ್ ಬಿಬ್ಬಿಯ ಆ ದಿನದ ಗ್ರಹಚಾರಕ್ಕೆಲ್ಲ ಮೂಲ ಎರಡೇ ಎರಡು ಪದ. ಅವನ್ನು ಬರೆದವನೂ ಅವನೇ. ಒಂದು ಸಲವಲ್ಲ, ಇನ್ನೂರಾ ಆರು ಸಲ.

ಹೆಸ್ಕಿನ್‌ಶಾ ಪುರಸಭೆಯ ಹಣಕಾಸು ವಿಭಾಗ ಎಲ್ಲ ಇಲಾಖೆಗಳಿಗೂ ಒಂದು ನಮೂನೆ ಕಳಿಸಿತ್ತು. ಎಡಗಡೆ ಅಂಕಣದಲ್ಲಿ 'ವರ್ಷದಲ್ಲಿ ಮಾಡಿದ ಕೆಲಸ', ಬಲಗಡೆ 'ಅದರಿಂದ ಏನಾಯಿತು'. ಅರ್ನಾಲ್ಡ್ ಅಲ್ಲಿನ ಆರೋಗ್ಯ ರಕ್ಷಣಾ ತಂಡದ ಮುಖ್ಯಸ್ಥ; ಸಾಲದ್ದಕ್ಕೆ ಪ್ರಾಮಾಣಿಕ. ವೃದ್ಧಾಶ್ರಮದಲ್ಲಿ ಒಬ್ಬರಿಗೆ ವಾಂತಿ ಶುರುವಾದ ದಿನವೇ ಹೋಗಿ ಅವರನ್ನು ಬೇರೆ ಕೋಣೆಗೆ ಹಾಕಿಸಿದ್ದು ಎಂದು ಎಡಗಡೆ ಬರೆದ. ಬಲಗಡೆ: ಏನೂ ಆಗಲಿಲ್ಲ. ಶಾಲೆಯಲ್ಲಿ ಒಂದು ಮಗುವಿಗೆ ದಡಾರ ಬಂದಾಗ ಅದೇ ವಾರ ಉಳಿದ ಮಕ್ಕಳಿಗೆ ಲಸಿಕೆ ಹಾಕಿಸಿದ್ದು: ಏನೂ ಆಗಲಿಲ್ಲ. ಈಜುಕೊಳದ ಹಳೇ ಪೈಪುಗಳಲ್ಲಿ ನಿಂತ ನೀರನ್ನು ಪರೀಕ್ಷೆ ಮಾಡಿಸಿ, ಕುದಿನೀರು ಹಾಯಿಸಿದ್ದು: ಏನೂ ಆಗಲಿಲ್ಲ. ಬರೆಯುತ್ತ ಬರೆಯುತ್ತ ಅವನಿಗೆ ಹೆಮ್ಮೆಯೇ ಆಯಿತು. ಪಟ್ಟಿ ಮುಗಿದಾಗ ಒಂದು ಕಪ್ ಚಹಾ ಮಾಡಿಕೊಂಡು, ಎರಡು ಬಿಸ್ಕತ್ತು ಅದ್ದಿಕೊಂಡು ತಿಂದಿದ್ದ.

ಫೆಬ್ರವರಿಯ ಆ ಗುರುವಾರ ಬೆಳಿಗ್ಗೆ ಎಂಟೂವರೆಗೆ, ಆ ನಮೂನೆಯನ್ನು ಸತ್ತ ಇಲಿಯನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಂಡು ಹಣಕಾಸು ನಿರ್ದೇಶಕ ಜೂಲಿಯನ್ ಸ್ಪೆನ್ಸ್‌ಲಿ ನೆಲಮಾಳಿಗೆಗೆ ಇಳಿದು ಬಂದ.

"ಅರ್ನಾಲ್ಡ್, ಇದೇನಪ್ಪಾ ಇದು? ಇನ್ನೂರಾ ಆರು ಕೆಲಸ, ಫಲಿತಾಂಶ ಸೊನ್ನೆ. ನಮ್ಮ ಕಂಪ್ಯೂಟರೇ ಮುನಿಸ್ಕೊಂಡು ಕೂತಿದೆ."

"ಅದೇ ಫಲಿತಾಂಶ ಜೂಲಿಯನ್. ಏನೂ ಆಗ್ದೇ ಇರೋ ಹಾಗೆ ನೋಡ್ಕೊಳ್ಳೋದೇ ನಮ್ಮ ಕೆಲಸ."

"ಏನೂ ಆಗ್ದೇ ಇರೋದಕ್ಕೆ ಮೂರು ಜನ ಯಾಕೆ? ನಮ್ಮನೇಲಿ ಒಂದು ಬೆಕ್ಕಿದೆ. ಅದೊಂದೇ ದಿನವಿಡೀ ಮಲಗಿರತ್ತೆ. ನಮ್ಮನೇಲೂ ಏನೂ ಆಗಿಲ್ಲ."

"ನಿಮ್ಮ ಬೆಕ್ಕಿಗೆ ಕ್ಷಯ ಪತ್ತೆ ಮಾಡೋಕೆ ಬರತ್ತಾ?" ಎಂದಳು ಫರ್ಜಾನಾ ಮಲಿಕ್, ತಲೆ ಎತ್ತದೆ. ಅವಳು ತಂಡದ ನರ್ಸು. ಹತ್ತು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ಡಾಕ್ಟರುಗಳನ್ನು ಪಳಗಿಸಿದ ನಾಲಿಗೆ ಅವಳದು.

"ಹೋದ ವರ್ಷ ನಿಮ್ಮ ಕಾರು ಯಾರಿಗೂ ಗುದ್ದಲಿಲ್ಲ ಅಲ್ವಾ ಜೂಲಿಯನ್?" ಎಂದು ಕೇಳಿದಳು ಗ್ವೆನ್. ವಾರಕ್ಕೆ ಎರಡೇ ದಿನ ಬರುವ, ಬಂದ ದಿನ ಹೆಣಿಗೆಯನ್ನೂ ತರುವ ಹಿರಿಯಳು. "ಹಾಗಿದ್ರೆ ಬ್ರೇಕು ಬಿಚ್ಚಿ ಮಾರ್ಬಿಡಿ. ಸುಮ್ನೆ ಯಾಕೆ ಜಾಗ ತಿನ್ಬೇಕು?"

ಜೂಲಿಯನ್ ನಿಟ್ಟುಸಿರು ಬಿಟ್ಟ. ಅವನು ಕೆಟ್ಟವನಲ್ಲ. ಕಾಣದ್ದನ್ನು ನಂಬಲು ಅವನಿಗೆ ಬರುತ್ತಿರಲಿಲ್ಲ, ಅಷ್ಟೇ. "ನೋಡಿ, ಇವತ್ತು ಎರಡು ಗಂಟೆಗೆ ಆಯವ್ಯಯ ಸಮಿತಿ. ಹನ್ನೊಂದನೇ ವಿಷಯ ನಿಮ್ದು: ತಂಡ ಮುಚ್ಚೋದೋ ಬೇಡ್ವೋ. ಲಂಡನ್ನಿಂದ ಬರೋ ಹಣ ಈ ವರ್ಷಕ್ಕೆ ಉಂಟು, ಮುಂದಿನ ವರ್ಷಕ್ಕೆ ದೇವರೇ ಗತಿ. ನಾನು ಅವರಿಗೆ ಏನು ತೋರಿಸ್ಲಿ? ಒಂದೇ ಒಂದು ರೋಗ ಹಬ್ಬಿದ್ರೆ ಸಾಕಿತ್ತು. ದೊಡ್ಡದು ಬೇಡ, ಯಾರೂ ಸಾಯೋದೂ ಬೇಡ. ಒಂದು ಇಪ್ಪತ್ತು ಜನ ಮಲಗಿ ಎದ್ದಿದ್ರೆ ನಾನೇ ನಿಮ್ಮ ಪರ ಮಾತಾಡ್ತಿದ್ದೆ."

ಅವನು ಮೆಟ್ಟಿಲು ಹತ್ತಿ ಹೋದ ಮೇಲೆ ಬಾಯ್ಲರಿನ ಗುಡುಗುಡು ಮಾತ್ರ ಕೇಳುತ್ತಿತ್ತು. ಐದಾರು ವರ್ಷದ ಕೆಳಗೆ, ಆ ದೊಡ್ಡ ಸೋಂಕಿನ ಕಾಲದಲ್ಲಿ, ಇದೇ ತಂಡದಲ್ಲಿ ಮೂವತ್ತು ಜನ, ಮೂರನೇ ಮಹಡಿಯಲ್ಲಿ ಕಿಟಕಿಯ ಪಕ್ಕದ ಮೇಜು. ಊರಿಗೆ ಊರೇ ಬಾಗಿಲಿಗೆ ಬಂದು ನಿಂತು ಚಪ್ಪಾಳೆ ತಟ್ಟಿತ್ತು. ಸೋಂಕು ಇಳಿದಂತೆ ತಂಡವೂ ಒಂದೊಂದೇ ಮಹಡಿ ಇಳಿಯುತ್ತ ಬಂದು ಈಗ ಬಾಯ್ಲರಿನ ಪಕ್ಕ ನಿಂತಿತ್ತು. ಇದಕ್ಕಿಂತ ಕೆಳಗೆ ಹೋಗಬೇಕೆಂದರೆ ನೆಲ ಅಗೆಯಬೇಕಿತ್ತು.

"ನಾನು ಬೇಡ್ಕೊಳ್ಳಲ್ಲ," ಎಂದ ಅರ್ನಾಲ್ಡ್ ಇದ್ದಕ್ಕಿದ್ದಂತೆ. "ಮೂರು ನಿಮಿಷ ಮಾತಾಡೋಕೆ ಕೊಡ್ತಾರೆ. ನಿಂತ್ಕೊಂಡು ಮಾತಾಡ್ತೀನಿ. ಮುಚ್ಚೋದಾದ್ರೆ ನನ್ನ ಮುಖ ನೋಡ್ಕೊಂಡು ಮುಚ್ಚಲಿ."

"ಹೋಗ್ತಾ ಟೈ ಸರಿ ಮಾಡ್ಕೋ," ಎಂದಳು ಫರ್ಜಾನಾ. "ಅದ್ರ ತುದಿ ಚಹಾದೊಳಗಿದೆ."

ಸಮಿತಿಯ ದಿನ ಊಟವೂ ಇರುತ್ತದೆ. ಮೊದಲು ಪುರಸಭೆಯೇ ಹಾಕಿಸುತ್ತಿತ್ತು. ಹೋದ ವರ್ಷ ಅದನ್ನೂ ಕಡಿದ ಮೇಲೆ ಸದಸ್ಯರು ಜೇಕಬ್ಬನ ಕೂಟಕ್ಕೆ ಇಳಿದರು. ಅಂದರೆ ತಲೆಗೊಂದು ತಿಂಡಿ ಮನೆಯಿಂದ ತಂದು, ಒಂದೇ ಮೇಜಿನ ಮೇಲಿಟ್ಟು, ಎಲ್ಲರೂ ಹಂಚಿಕೊಂಡು ತಿನ್ನುವುದು. ಆ ಸೀಮೆಯಲ್ಲಿ ಇದು ಅಜ್ಜಂದಿರ ಕಾಲದ ಪದ್ಧತಿ. ಜೇಕಬ್ಬ ಯಾರೆಂದು ಯಾರಿಗೂ ಗೊತ್ತಿಲ್ಲ; ಅವನು ಏನು ತಂದಿದ್ದ ಎನ್ನುವುದೂ ಗೊತ್ತಿಲ್ಲ. ಸಮಿತಿಯ ಹದಿನಾಲ್ಕು ಜನವೂ ಕೇಕನ್ನೇ ತಂದುಬಿಟ್ಟಾರು ಎಂದು ಗುಮಾಸ್ತೆ ಬೆರಿಲ್ ಸೂಚನಾಫಲಕದಲ್ಲಿ ಒಂದು ಹಾಳೆ ಚುಚ್ಚಿರುತ್ತಾಳೆ. ಯಾರು ಏನು ತರುತ್ತಾರೆಂದು ಅದರಲ್ಲಿ ಬರೆಯಬೇಕು. ಸಮಿತಿಯ ಮುಂದೆ ಮಾತಾಡಲಿರುವ ನೌಕರರಿಗೂ ಊಟಕ್ಕೆ ಕರೆ ಇರುತ್ತಿದ್ದುದರಿಂದ, 'ಅರ್ನಾಲ್ಡ್ ಬಿಬ್ಬಿ: ಈರುಳ್ಳಿ ಉಪ್ಪಿನಕಾಯಿ, ಒಂದು ಸೀಸೆ' ಎಂದು ಅವನೂ ಬರೆದಿದ್ದ.

ಹನ್ನೆರಡೂ ಮುಕ್ಕಾಲಿಗೆ ಸೀಸೆ ಹಿಡಿದು ಮೇಲೆ ಹೋದಾಗ ಊಟದ ಕೋಣೆಯಲ್ಲಿ ಬೆರಿಲ್ ಒಬ್ಬಳೇ ಕಾಗದದ ತಟ್ಟೆ ಜೋಡಿಸುತ್ತಿದ್ದಳು. ಮೇಜಿನ ಮೇಲೆ ಆಲೂಗಡ್ಡೆ ಚಿಪ್ಸು, ಒಂದು ಕೇಕು, ಮಾಂಸದ ಕಡುಬು. ಆದರೆ ಅರ್ನಾಲ್ಡನ ಕಣ್ಣು ನೆಟ್ಟಿದ್ದು ಕಿಟಕಿಯ ಕೆಳಗಿನ ರೇಡಿಯೇಟರಿನ ಮೇಲೆ. ಪುರಭವನದ ರೇಡಿಯೇಟರುಗಳಿಗೆ ಎರಡೇ ಗುಣ: ಆರಿದ್ದರೆ ಹೆಣ, ಉರಿದರೆ ನರಕ. ಅದರ ಮೇಲೆ, ಬೆಕ್ಕು ಕೂರುವ ಜಾಗದಲ್ಲಿ, ಒಂದು ದೊಡ್ಡ ಗಾಜಿನ ಬೋಗುಣಿ. ಅದರ ತುಂಬ ಹಳದಿ ಅನ್ನ, ಕೋಳಿಯ ಚೂರು, ಒಣದ್ರಾಕ್ಷಿ, ಮಾಯೊನೇಸು, ಮತ್ತು ದುಂಡಗೆ ಕತ್ತರಿಸಿದ ಬಾಳೆಹಣ್ಣು.

"ಬೆರಿಲ್, ಅದು ಅಲ್ಲಿ ಯಾವಾಗಿಂದ ಇದೆ?"

"ಎಂಟು ಗಂಟೆಯಿಂದ. ಡೋರೀನ್ ಮೇಡಮ್ಮೇ ಇಟ್ಟು ಹೋದ್ರು. ತಣ್ಣಗೆ ತಿಂದ್ರೆ ಹಲ್ಲು ಜುಂ ಅನ್ನತ್ತಂತೆ."

ಕೌನ್ಸಿಲರ್ ಡೋರೀನ್ ಪಿಲ್ಲಿಂಗ್ ಎಂದರೆ ಆಯವ್ಯಯ ಸಮಿತಿಯ ಅಧ್ಯಕ್ಷೆ. ಬೇರೆಯವರು ಎದೆಯ ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳುವಂತೆ ಅರ್ನಾಲ್ಡ್ ಕಡ್ಡಿ ಥರ್ಮಾಮೀಟರ್ ಇಟ್ಟುಕೊಳ್ಳುತ್ತಾನೆ. ಹೋಗಿ ಅನ್ನಕ್ಕೆ ಚುಚ್ಚಿದ. ನಲವತ್ತೊಂದು ಡಿಗ್ರಿ. ಜ್ವರ ಬಂದ ಮಗುವಿನ ಕಂಕುಳು ಅದಕ್ಕಿಂತ ತಣ್ಣಗಿರುತ್ತದೆ. ಇನ್ನೊಂದು ಜೇಬಿನಿಂದ ಮುಚ್ಚಳದ ಪುಟ್ಟ ಡಬ್ಬಿ ತೆಗೆದು ಎರಡು ಚಮಚ ಅನ್ನ, ಒಂದು ಬಾಳೆಹಣ್ಣಿನ ಬಿಲ್ಲೆ ತುಂಬಿಸಿಕೊಂಡ. ಅದು ಅಭ್ಯಾಸಬಲ.

ಬೆರಿಲ್ ಅವನ ಮುಖ ನೋಡಿದಳು, ಬೋಗುಣಿ ನೋಡಿದಳು, ಬಾಗಿಲು ಮುಂದೆ ಮಾಡಿದಳು. ಮೂವತ್ತು ವರ್ಷ ಸಭೆಗಳ ನಡಾವಳಿ ಬರೆದವಳು. ಮನುಷ್ಯರ ಬಗ್ಗೆ ಅವಳಿಗೆ ಭ್ರಮೆಗಳಿರಲಿಲ್ಲ.

"ಅಷ್ಟು ಕೆಟ್ಟದ್ದಾ?"

"ಈ ಅನ್ನದಲ್ಲಿ ಹುಟ್ಟೋ ವಿಷ ಮತ್ತೆ ಬಿಸಿ ಮಾಡಿದ್ರೂ ಸಾಯಲ್ಲ. ತಿಂದ್ರೆ ಎರಡು ಗಂಟೇಲಿ ಕರುಳು ಬಾಯಿಗೆ ಬರತ್ತೆ."

"ಎರಡು ಗಂಟೆ." ಬೆರಿಲ್ ಬೆರಳು ಮಡಿಚಿದಳು. "ಒಂದಕ್ಕೆ ತಿಂದ್ರೆ ಮೂರಕ್ಕೆ. ಹನ್ನೊಂದನೇ ವಿಷಯ ಬರೋದೂ ಮೂರಕ್ಕೇ. ಅರ್ನಾಲ್ಡ್, ನೀನು ಈ ಕೋಣೆಗೆ ಬಂದೇ ಇಲ್ಲ. ನಾನು ನಿನ್ನ ನೋಡೇ ಇಲ್ಲ. ಹದಿನಾಲ್ಕು ಜನ ಒಟ್ಟಿಗೆ ಬಕೆಟ್ ಹುಡುಕೋ ಹೊತ್ತಿಗೆ ನೀನು ಎದ್ದು ನಿಂತ್ಕೋ. ಮೂರು ನಿಮಿಷದ ಭಾಷಣಾನೂ ಬೇಡ. ಮೂವತ್ತು ಜನರ ತಂಡ ವಾಪಸ್ ಕೊಡ್ತಾರೆ. ಮೂರನೇ ಮಹಡೀನೂ."

ಅರ್ನಾಲ್ಡ್ ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಟಲಿನಲ್ಲಿ ನೀರು ಕುದಿಯುವಷ್ಟು ಹೊತ್ತು ಯೋಚಿಸಿದ. ಕಿಟಕಿಯ ಪಕ್ಕದ ಮೇಜು ಕಣ್ಣಿಗೆ ಬಂತು. ಫರ್ಜಾನಾಳ ಮನೆ ಸಾಲ, ಅವಳ ಎರಡು ಮಕ್ಕಳು ಬಂದರು. ಆಮೇಲೆ ಕೌನ್ಸಿಲರ್ ಆಗ್ಡನ್ ಬಂದ: ಎಂಬತ್ತೊಂದು ವರ್ಷ, ಎದೆಯಲ್ಲಿ ಪೇಸ್‌ಮೇಕರು, ಪ್ರತಿ ವರ್ಷ ಇವನ ತಂಡವನ್ನು 'ನೆಲಮಾಳಿಗೆಯ ಕೈತೊಳೆಯೋರು' ಎಂದು ಹೀಯಾಳಿಸುವ ಮುದುಕ. ಅರ್ನಾಲ್ಡನಿಗೆ ಆ ಮುದುಕನನ್ನು ಕಂಡರಾಗದು. ಆದರೆ ಆ ವಯಸ್ಸಿನಲ್ಲಿ ವಾಂತಿ ಶುರುವಾದರೆ ಅದು ಎಲ್ಲಿ ನಿಲ್ಲುತ್ತದೆಂದು ಹೇಳಲೂ ಆಗದು.

"ಥೂ," ಎಂದ ಅರ್ನಾಲ್ಡ್.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮುಂದೆ ಡೋರೀನ್, ಹಿಂದೆ ಹಸಿದ ಸಮಿತಿ. ಹೆಸ್ಕಿನ್‌ಶಾದಲ್ಲಿ ಎಲ್ಲರೂ ಎಲ್ಲರನ್ನೂ ಚಿನ್ನಾ ಎನ್ನುತ್ತಾರೆ. ಪಾರ್ಕಿಂಗ್ ದಂಡ ಹಾಕುವವನೂ ಚಿನ್ನಾ ಎಂದೇ ಚೀಟಿ ಅಂಟಿಸುತ್ತಾನೆ. ಡೋರೀನ್ ಆ ಮಾತನ್ನು ಎರಡು ಪಟ್ಟು ಬಳಸುತ್ತಿದ್ದಳು. ಅವಳು ನಿಮಗೆ ಚಿನ್ನಾ ಎನ್ನುವುದನ್ನು ಬಿಟ್ಟ ದಿನ ನೀವು ಬೇರೆ ಊರು ನೋಡಿಕೊಳ್ಳಬೇಕು.

"ಅರ್ನಾಲ್ಡ್ ಚಿನ್ನಾ! ನನ್ನ ಅನ್ನದ ಮುಂದೇನೇ ಕಾವಲು ನಿಂತ್ಬಿಟ್ಟಿದೀಯಾ? ಹಸಿವಾ?"

"ಮೇಡಂ, ಒಂದು ಮಾತು. ಈ ಅನ್ನ ಯಾವಾಗ ಮಾಡಿದ್ದು?"

"ನಿನ್ನೆ ಮಧ್ಯಾಹ್ನ. ಊರಿಗೆಲ್ಲಾ ಆಗೋ ಹಂಡೇಲಿ ಮಾಡ್ದೆ ಚಿನ್ನಾ. ಫ್ರಿಜ್ಜಲ್ಲಿ ಎಲ್ಲಿ ಹಿಡಿಯತ್ತೆ? ಹಿತ್ತಲ ಗಾಜಿನ ಕೋಣೇಲಿ ಆರಕ್ಕಿಟ್ಟೆ."

"ಫೆಬ್ರವರಿ ಚಳೀಲಿ ಗಾಜಿನ ಕೋಣೆ," ಎಂದ ಅರ್ನಾಲ್ಡ್, ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ. "ತಣ್ಣಗೇ ಇತ್ತು ಅಂತಾಯ್ತು."

"ತಣ್ಣಗೆಲ್ಲಿಂದ ಬಂತು? ರಾತ್ರಿಯೆಲ್ಲಾ ಹೀಟರ್ ಹಾಕಿರ್ತೀನಿ. ನನ್ನ ಟೊಮ್ಯಾಟೊ ಸಸಿ ಚಳಿಗೆ ಮುರುಟಲ್ವಾ ಮತ್ತೆ?"

ಅರ್ನಾಲ್ಡ್ ಕಣ್ಣು ಮುಚ್ಚಿ ತೆರೆದ. "ಮೇಡಂ, ಇದನ್ನ ಯಾರೂ ತಿನ್ನಬಾರ್ದು."

ಕೋಣೆಯಲ್ಲಿ ಚಿಪ್ಸು ಕುರುಕುವ ಸದ್ದು ನಿಂತಿತು.

"ಏನಂದೆ ಚಿನ್ನಾ?"

"ಇದು ವಿಷ ಅಂದೆ."

"ನಲವತ್ತು ವರ್ಷದಿಂದ ಈ ಅನ್ನ ಮಾಡ್ತಿದೀನಿ," ಎಂದಳು ಡೋರೀನ್ ಪಿಲ್ಲಿಂಗ್. "ನಮ್ಮ ಮನೆಯವರಿಗೆ ಇದು ಪ್ರಾಣ."

"ಅವರೀಗ ಎಲ್ಲಿದ್ದಾರೆ?" ಎಂದು ಕೇಳಿದ ಅರ್ನಾಲ್ಡ್. ಅವನು ಕೇಳಿದ್ದು ಕಸುಬಿನ ಪ್ರಶ್ನೆ. ಆದರೆ ಆಕೆಯ ಗಂಡ ಹೋಗಿ ಆರು ವರ್ಷವಾಗಿತ್ತು, ಅದೂ ಲಾರಿ ಗುದ್ದಿ. ಬೆರಿಲ್ ತಟ್ಟೆಗಳ ಹಿಂದೆ ಮುಖ ಮರೆಮಾಡಿಕೊಂಡಳು.

"ಮಿಸ್ಟರ್ ಬಿಬ್ಬಿ," ಎಂದಳು ಡೋರೀನ್, ಒಂದೊಂದೇ ಅಕ್ಷರ ಕತ್ತರಿಸಿ. "ಪಕ್ಕಕ್ಕೆ ಸರೀರಿ."

ಮುದುಕ ಆಗ್ಡನ್ ಆಗಲೇ ಚಮಚ ಹಿಡಿದು ಬೋಗುಣಿಯ ಕಡೆ ಹೊರಟಿದ್ದ. ಅರ್ನಾಲ್ಡ್ ಸರಿಯಲಿಲ್ಲ. ತಿನ್ನಲಾಗದ ತಿಂಡಿಯನ್ನು ಬರೀ ಎಸೆದರೆ ಸಾಲದು, ಯಾರೂ ಮತ್ತೆ ಎತ್ತಿಕೊಳ್ಳದಂತೆ ಕೆಡಿಸಬೇಕು ಎನ್ನುವುದು ಅವನ ಕಸುಬಿನ ಮೊದಲ ಪಾಠ. ಮನೆಯಿಂದ ತಂದ ತಿಂಡಿಗೆ ಅವನ ಅಧಿಕಾರ ನಡೆಯುತ್ತದೋ ಇಲ್ಲವೋ ಅವನಿಗೇ ಖಾತ್ರಿ ಇರಲಿಲ್ಲ. ಸಿಂಕಿನ ಬಳಿ ಪಾತ್ರೆ ತೊಳೆಯುವ ಹಸಿರು ಸೋಪಿನ ಹೊಸ ಬಾಟಲಿ ಇತ್ತು. ಅದನ್ನು ಎತ್ತಿಕೊಂಡ, ಮುಚ್ಚಳ ತಿರುವಿದ, ಬೋಗುಣಿಯ ಮೇಲೆ ತಲೆಕೆಳಗು ಮಾಡಿ ಹಿಂಡಿದ. ಬಾಟಲಿ ಪುರ್ ಪುರ್ ಎಂದು ಅಸಭ್ಯ ಸದ್ದು ಮಾಡುತ್ತ, ಕೊನೆಯ ಹನಿಯವರೆಗೂ ಖಾಲಿಯಾಯಿತು. ಹಳದಿ ಅನ್ನದ ನಡುವಿನಿಂದ ಒಂದು ಗುಳ್ಳೆ ಎದ್ದು, ಬಣ್ಣ ಬಣ್ಣವಾಗಿ ಹೊಳೆದು, ಆಗ್ಡನ್ನನ ಮೂಗಿನ ಮುಂದೆ ಒಡೆಯಿತು.

"ಈಗ ಬೇಕಾದ್ರೆ ತಿನ್ನಿ," ಎಂದ ಅರ್ನಾಲ್ಡ್.

ಎರಡು ಗಂಟೆಗೆ ಸಭೆ ಸೇರಿತು. ಕಡುಬೊಂದು, ಕೇಕೊಂದು, ಈರುಳ್ಳಿ ಉಪ್ಪಿನಕಾಯಿ ಒಂದು ಸೀಸೆ ಹದಿನಾಲ್ಕು ಜನಕ್ಕೆ ಎಲ್ಲಿ ಸಾಲಬೇಕು? ಹೊಟ್ಟೆಗಳು ತಾಳ ಹಾಕುತ್ತಿದ್ದವು. ಯಾರಾದರೂ ಬಾಯಿ ತೆರೆದರೆ ಈರುಳ್ಳಿ ಮೊದಲು ಮಾತಾಡುತ್ತಿತ್ತು. ಹಿಂದಿನ ಬೆಂಚಿನಲ್ಲಿ ಅರ್ನಾಲ್ಡ್ ಒಬ್ಬನೇ. ಫರ್ಜಾನಾ, ಗ್ವೆನ್ ಜೊತೆಗಿರಬೇಕಿತ್ತು; ಆದರೆ ಒಂದೂವರೆಗೆ ಎಲ್ಲಿಂದಲೋ ಫೋನು ಬಂದು, ಚೀಲ ಎತ್ತಿಕೊಂಡು ಓಡಿದ್ದರು. 'ಚರ್ಚಿನ ಹಿರಿಯರ ಊಟದ ಕೂಟ. ವಾಂತಿ. ಆಮೇಲೆ ಹೇಳ್ತೀನಿ' ಎಂದಷ್ಟೇ ಫರ್ಜಾನಾ ಚೀಟಿ ಬರೆದಿಟ್ಟಿದ್ದಳು.

ಹತ್ತನೇ ವಿಷಯ, ಪುರಭವನದ ಗಡಿಯಾರಕ್ಕೆ ಬಣ್ಣದ ದೀಪ. ನಾಲ್ಕು ನಿಮಿಷದಲ್ಲಿ ಮಂಜೂರಾಯಿತು. ನೇರಳೆ ಬಣ್ಣವೂ ಇರಲಿ ಎಂಬ ತಿದ್ದುಪಡಿಯೊಂದಿಗೆ.

"ಹನ್ನೊಂದನೇ ವಿಷಯ," ಎಂದಳು ಡೋರೀನ್, ಅರ್ನಾಲ್ಡನ ತಲೆಯ ಮೇಲಿನ ಗೋಡೆಯನ್ನು ನೋಡುತ್ತ. "ಆರೋಗ್ಯ ರಕ್ಷಣಾ ತಂಡ ಮುಚ್ಚುವುದು. ಮಿಸ್ಟರ್ ಬಿಬ್ಬಿ, ಮೂರು ನಿಮಿಷ."

ಅರ್ನಾಲ್ಡ್ ಎದ್ದ. ಬರೆದು ತಂದಿದ್ದ ಭಾಷಣ ಜೇಬಿನಲ್ಲೇ ಉಳಿಯಿತು.

"ನನ್ನ ನಮೂನೆ ನೋಡಿ ನೀವೆಲ್ಲಾ ನಕ್ಕಿದ್ದೀರಿ ಅಂತ ಗೊತ್ತು," ಎಂದ. "ನಗಿ. ಏನೂ ಆಗಲಿಲ್ಲ ಅಂತ ನಾನು ಇನ್ನೂರಾ ಆರು ಸಲ ಬರೆದೆ. ಇನ್ನೂರಾ ಏಳನೇದೂ ಬರೀತೀನಿ. ಹೋದ ಬೇಸಿಗೇಲಿ ನಿಮ್ಮ ಮೊಮ್ಮಕ್ಕಳು ಆ ಕೊಳದಲ್ಲಿ ಈಜಿ, ಒದ್ದೆ ತಲೇಲಿ ಮನೆಗೆ ಬಂದು, ಮೀನು ಚಿಪ್ಸ್ ತಿಂದು ಮಲಗಿದ್ರಲ್ಲ, ಅದು ತಾನಾಗಿ ಆಗಿದ್ದಲ್ಲ. ಬೆಳಿಗ್ಗೆ ಐದಕ್ಕೆ ಹೋಗಿ ಗ್ವೆನ್ ಆ ಪೈಪಿಗೆ ಕೈ ಹಾಕಿದ್ದಳು. ಬೆಂಕಿ ಬೀಳಲಿಲ್ಲ ಅಂತ ನೀವು ಫೈರ್ ಇಂಜಿನ್ ಮಾರಲ್ಲ. ನಮ್ಮನ್ನ ಮಾತ್ರ..."

"ಒಂದೂವರೆ ನಿಮಿಷ," ಎಂದಳು ಡೋರೀನ್.

"ನಮಗೂ ಹಸಿವಾಗತ್ತೆ ಕಣಯ್ಯಾ," ಎಂದ ಆಗ್ಡನ್. "ನೀನು ಸೋಪು ಹಾಕಿದ್ದು ಒಳ್ಳೇ ಕೋಳೀಗೆ. ಕೈತೊಳೆಯೋದು ಬಿಟ್ಟು ಈಗ ಅನ್ನ ತೊಳೆಯೋಕೆ ಶುರು ಮಾಡಿದೀರಾ?"

ಸಭೆ ನಕ್ಕಿತು. ಆಗ ಅರ್ನಾಲ್ಡನ ಫೋನು ಹೊಡೆದುಕೊಂಡಿತು. ಆಫ್ ಮಾಡಲು ಹೋಗಿ ಅವನ ಬೆರಳು ಸ್ಪೀಕರಿನ ಗುಂಡಿ ಒತ್ತಿತು.

"ಅರ್ನಾಲ್ಡ್!" ಎಂದಿತು ಫರ್ಜಾನಾಳ ದನಿ, ಸಭಾಂಗಣದ ಮರದ ಗೋಡೆಗಳಿಗೆ ಬಡಿದು. "ಹತ್ತೊಂಬತ್ತು ಜನ. ಎಲ್ಲರೂ ಹನ್ನೊಂದೂವರೆಗೆ ಉಂಡೋರು. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯ ಇಲ್ಲ, ಆದ್ರೆ ಚರ್ಚಲ್ಲಿದ್ದ ಬಕೆಟ್ಟೆಲ್ಲಾ ಮುಗಿದು ಹೂದಾನಿಗೆ ಬಂದಿದ್ದಾರೆ. ಒಬ್ಬೊಬ್ಬರನ್ನೂ ಕೇಳಿದೀವಿ. ಎಲ್ಲರೂ ತಿಂದಿರೋದು ಒಂದೇ: ಹಳದಿ ಅನ್ನ, ಕೋಳಿ ಹಾಕಿದ್ದು. ಮತ್ತೆ, ನಂಬ್ತೀಯೋ ಇಲ್ವೋ, ಅದ್ರಲ್ಲಿ ಬಾಳೆಹಣ್ಣು!"

ಸಭೆಯ ತಲೆಗಳೆಲ್ಲ ಅಧ್ಯಕ್ಷೆಯ ಕಡೆ ತಿರುಗಿದವು.

"ಯಾರು ತಂದು ಕೊಟ್ಟಿದ್ದು?" ಎಂದು ಕೇಳಿದ ಅರ್ನಾಲ್ಡ್. ಉತ್ತರ ಅವನಿಗೆ ಗೊತ್ತಿತ್ತು. ಊರಿಗೆಲ್ಲಾ ಆಗುವ ಹಂಡೆ ಎಂದಾಗ ಉಳಿದದ್ದು ಎಲ್ಲಿ ಎಂದು ತಾನು ಕೇಳಬೇಕಿತ್ತು ಎಂಬುದೂ ಆಗ ಹೊಳೆಯಿತು. ಆ ಹೊತ್ತಿಗೆ ಅವರು ಉಂಡಾಗಿತ್ತು ನಿಜ. ಆದರೂ ಅದು ಅವನನ್ನು ಬಹಳ ದಿನ ಚುಚ್ಚಿತು.

"ಯಾರೋ ಕೌನ್ಸಿಲರಮ್ಮ, ಬೆಳಿಗ್ಗೆ ಕೊಟ್ಟು ಹೋದ್ರಂತೆ. ಪಾಪ, ಎಲ್ರನ್ನೂ ಚಿನ್ನಾ ಚಿನ್ನಾ ಅಂತ ಮಾತಾಡ್ಸಿ ಹೋದ್ರಂತೆ."

ಅರ್ನಾಲ್ಡ್ ಫೋನು ಕೆಳಗಿಟ್ಟ. ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ಅಧ್ಯಕ್ಷೆಯ ಮೇಜಿನ ಮೇಲೆ ಇಟ್ಟ. ಒಳಗೆ ಎರಡು ಚಮಚ ಹಳದಿ ಅನ್ನ, ಒಂದು ಬಾಳೆಹಣ್ಣಿನ ಬಿಲ್ಲೆ.

"ನನ್ನ ಮೂರು ನಿಮಿಷ ಮುಗೀತು," ಎಂದ.

ಮೊದಲು ಬಿಳಚಿಕೊಂಡದ್ದು ಆಗ್ಡನ್. ತನ್ನ ಎದೆಯ ಪೇಸ್‌ಮೇಕರಿನ ಮೇಲೆ ಕೈ ಇಟ್ಟುಕೊಂಡು, "ನಾನು ಚಮಚ ಹಿಡಿದಿದ್ದೆ," ಎಂದ ಮೆಲ್ಲಗೆ. "ದೊಡ್ಡ ಚಮಚ." ಡೋರೀನಳ ಕಣ್ಣಲ್ಲಿ ನೀರು ತುಂಬಿತು. ಅವಳು ಎದ್ದು ಬಂದು ಅರ್ನಾಲ್ಡನ ಎರಡೂ ಕೈ ಹಿಡಿದುಕೊಂಡಳು. "ಆ ಹತ್ತೊಂಬತ್ತು ಜನರ ಮನೆಗೂ ನಾನೇ ಹೋಗಿ ಕ್ಷಮೆ ಕೇಳ್ತೀನಿ. ಉಳಿದ ಹದಿನಾಲ್ಕು ಜನರನ್ನ ನೀನು ಉಳಿಸಿದೆ ಚಿನ್ನಾ." ಚಿನ್ನಾ ವಾಪಸ್ ಬಂದಿತ್ತು. ಯಾರೋ ಚಪ್ಪಾಳೆ ಶುರು ಮಾಡಿದರು. ಹದಿನಾಲ್ಕೂ ಜನ ಎದ್ದು ನಿಂತು ತಟ್ಟಿದರು. ಬೆರಿಲ್ ನಡಾವಳಿಯಲ್ಲಿ 'ದೀರ್ಘ ಕರತಾಡನ' ಎಂದು ಬರೆದು ಅಡಿಗೆರೆ ಎಳೆದಳು.

ಚಪ್ಪಾಳೆಯ ಅಭ್ಯಾಸವಿದ್ದ ಅರ್ನಾಲ್ಡ್ ಮಾತ್ರ, ಇದರ ಹಿಂದೆ ಏನು ಕಡಿಯುತ್ತಾರೋ ಎಂದು ಜೂಲಿಯನ್ನನ ಕಡೆ ನೋಡಿದ.

"ಮುಚ್ಚೋ ಮಾತೇ ಇಲ್ಲ," ಎಂದ ಆಗ್ಡನ್. "ಇಂಥ ಕೆಲಸ ಈ ಊರಿಗೆ ಬೇಕೇ ಬೇಕು."

"ಖಂಡಿತ ಬೇಕು," ಎಂದ ಜೂಲಿಯನ್ ಸ್ಪೆನ್ಸ್‌ಲಿ, ಪೆನ್ಸಿಲ್ ಎತ್ತಿ. "ಕೊನೆಗೂ ಬಲಗಡೆ ಅಂಕಣಕ್ಕೆ ತುಂಬೋಕೆ ಏನೋ ಸಿಕ್ಕಿತು; ನನಗಂತೂ ಸಂತೋಷ. ಒಂದೇ ಒಂದು ಸಣ್ಣ ವಿಷಯ. ಇವತ್ತು ಚರ್ಚಿಗೆ ಹೋದೋರು ಎಷ್ಟು ಜನ?"

"ಇಬ್ಬರು," ಎಂದ ಅರ್ನಾಲ್ಡ್.

"ಅಲ್ಲಿ ಮಲಗಿದೋರು?"

"ಹತ್ತೊಂಬತ್ತು."

"ಇಲ್ಲಿದ್ದೋರು ನೀವೊಬ್ರೇ. ಇಲ್ಲಿ ಮಲಗಿದೋರು ಒಬ್ಬರೂ ಇಲ್ಲ." ಜೂಲಿಯನ್ ಸುತ್ತಲೂ ನೋಡಿದ. "ಅಂದ್ರೆ ಇಬ್ಬರಿದ್ದ ಕಡೆ ಹತ್ತೊಂಬತ್ತು, ಒಬ್ಬರಿದ್ದ ಕಡೆ ಸೊನ್ನೆ. ನಾನು ಹೇಳ್ತಿಲ್ಲ, ಅಂಕಿ ಹೇಳ್ತಿದೆ. ಈ ಕೆಲಸಕ್ಕೆ ಜನ ಕಮ್ಮಿ ಆದಷ್ಟೂ ಒಳ್ಳೇದು."

"ಅವರು ಹೋಗಿದ್ದೇ ಜನ ಮಲಗಿದ ಮೇಲೆ!" ಅರ್ನಾಲ್ಡ್ ಕೂಗಿದ. "ಮೊದಲು ವಾಂತಿ, ಆಮೇಲೆ ಇವರು!"

"ಯಾವುದು ಮೊದಲು ಯಾವುದು ಆಮೇಲೆ ಅನ್ನೋ ಅಂಕಣ ನಮ್ಮ ನಮೂನೇಲಿಲ್ಲ," ಎಂದ ಜೂಲಿಯನ್, ನಿಜವಾದ ವಿಷಾದದಿಂದ.

ಹಸಿದ ಹೊಟ್ಟೆಗೆ ಲೆಕ್ಕ ಬೇಗ ಇಳಿಯುತ್ತದೆ. ಸಮಿತಿ ತಂಡವನ್ನು ಉಳಿಸಿತು, ಒಬ್ಬರ ತಂಡವಾಗಿ. ಎಲ್ಲ ಕೈಗಳೂ ಎದ್ದವು. "ನನಗೆ ಪೂರ್ತಿ ಅರ್ಥ ಆಗ್ಲಿಲ್ಲ," ಎಂದ ಆಗ್ಡನ್, "ಆದ್ರೆ ಅರ್ನಾಲ್ಡ್ ಮೇಲಿನ ಗೌರವಕ್ಕೆ ಕೈ ಎತ್ತುತ್ತೀನಿ."

ಗೌರವ ಅಲ್ಲಿಗೇ ನಿಲ್ಲಲಿಲ್ಲ. ಆ ಒಬ್ಬರು ಯಾರು ಎಂದು ಸಮಿತಿ ಹೇಳುವಂತಿಲ್ಲ. ಮೂವರೂ ತಮ್ಮದೇ ಕೆಲಸಕ್ಕೆ ಹೊಸದಾಗಿ ಅರ್ಜಿ ಹಾಕಬೇಕು, ಅಂಕ ಹೆಚ್ಚು ಬಂದವರಿಗೆ ಕೆಲಸ. ನಿಯಮ ನಿಯಮವೇ. ಅರ್ಜಿಗಳು ಜೂಲಿಯನ್ನನ ಚೀಲದಲ್ಲಿ ಮುಂಚೆಯೇ ಅಚ್ಚಾಗಿ ಕೂತಿದ್ದವು.

ಐದು ಗಂಟೆಗೆ ನೆಲಮಾಳಿಗೆಯಲ್ಲಿ ಮೂವರೂ ಆ ಕಾಗದವನ್ನು ಮುಂದಿಟ್ಟುಕೊಂಡು ಕೂತರು. ಫರ್ಜಾನಾಳ ಬೂಟಿನಿಂದ ಇನ್ನೂ ಕ್ರಿಮಿನಾಶಕದ ವಾಸನೆ ಬರುತ್ತಿತ್ತು. ಮೊದಲನೇ ಪ್ರಶ್ನೆಗೇ ಅರ್ಧದಷ್ಟು ಅಂಕ: 'ಇತ್ತೀಚೆಗೆ ನೀವು ನಿಭಾಯಿಸಿದ ರೋಗ ಹಬ್ಬಿದ ಘಟನೆಯನ್ನು ವಿವರಿಸಿ. ಎಷ್ಟು ಮಂದಿ ಅಸ್ವಸ್ಥರಾದರು?'

"ನನ್ನದು ಬಿಡಿ," ಎಂದು ಗ್ವೆನ್ ತನ್ನ ಅರ್ಜಿಯನ್ನು ಮಡಿಚಿ, ಅದರ ಮೇಲೆ ಉಲ್ಲನ್ ಉಂಡೆ ಇಟ್ಟಳು. "ವಾರಕ್ಕೆ ಎರಡು ದಿನದೋಳು ನಾನು. ಟೋಪಿ ಹೆಣೀತೀನಿ."

ಫರ್ಜಾನಾ ಪೆನ್ನು ತೆಗೆದವಳು ಬರೆಯಲಿಲ್ಲ. "ಅರ್ನಾಲ್ಡ್, ನಾನಿಲ್ಲಿ ಹತ್ತೊಂಬತ್ತು ಅಂತ ಬರೆದ್ರೆ ಕೆಲಸ ನಂದಾಗತ್ತೆ. ನಿನಗೆ ಬರೆಯೋಕೆ ಏನಿದೆ?"

"ನಿನ್ನದು ನಿಜ. ಬರಿ."

"ನಿನಗೆ ನಾಚಿಕೆ ಆಗಲ್ವಾ? ಇಷ್ಟು ಒಳ್ಳೆಯವನಾಗಿರೋಕೆ?"

"ಆಗತ್ತೆ. ಬರಿ ಅಂದ್ನಲ್ಲ. ನಿನ್ನ ಮಕ್ಕಳು ಸೊನ್ನೆ ತಿಂದು ಬದುಕಲ್ಲ."

ಅವಳು ಬೈಯುತ್ತಲೇ ಬರೆದಳು. ಅರ್ನಾಲ್ಡ್ ತನ್ನ ಹಾಳೆ ಎಳೆದುಕೊಂಡ. ಎಷ್ಟು ಮಂದಿ ಅಸ್ವಸ್ಥರಾದರು ಎಂಬ ಪ್ರಶ್ನೆಯ ಎದುರು, ಚೌಕ ಮೀರಿ ಹಾಳೆಯ ಅಂಚಿನವರೆಗೂ ದೊಡ್ಡ ಅಕ್ಷರದಲ್ಲಿ ಬರೆದ: ಏನೂ ಆಗಲಿಲ್ಲ. ಕೆಳಗೆ ಹದಿನಾಲ್ಕು ಹೆಸರು ಬರೆದ, ಡೋರೀನಳಿಂದ ಆಗ್ಡನ್ನನವರೆಗೆ. 'ಮೇಲ್ಕಂಡವರೆಲ್ಲ ಈ ರಾತ್ರಿ ಅವರವರ ಮನೆಯಲ್ಲಿ ಆರಾಮವಾಗಿ ಉಣ್ಣುತ್ತಿದ್ದಾರೆ. ಬೇಕಾದರೆ ಕೇಳಿ ನೋಡಿ' ಎಂದು ಸೇರಿಸಿ ಸಹಿ ಹಾಕಿದ. ಆ ಉತ್ತರಕ್ಕೆ ಎಷ್ಟು ಅಂಕ ಬರುತ್ತದೆಂದು ಅವನಿಗೆ ಗೊತ್ತಿತ್ತು. ಅಡಿಗೆರೆಯನ್ನೂ ಎಳೆದ.

ಮನೆಗೆ ಹೊರಟಾಗ ಮೆಟ್ಟಿಲ ತಿರುವಿನಲ್ಲಿ ಬೆರಿಲ್ ಸೂಚನಾಫಲಕಕ್ಕೆ ಹೊಸ ಹಾಳೆ ಚುಚ್ಚುತ್ತಿದ್ದಳು. ಮಾರ್ಚ್ ತಿಂಗಳ ಜೇಕಬ್ಬನ ಕೂಟ. ಮೊದಲ ಸಾಲು ಆಗಲೇ ತುಂಬಿತ್ತು: 'ಡೋರೀನ್ ಪಿಲ್ಲಿಂಗ್: ಕೆನೆ ಪಾಯಸ, ಸ್ವಂತ ಕೋಳಿಗಳ ಹಸಿ ಮೊಟ್ಟೆ ಹಾಕಿದ್ದು. ಅನ್ನ ಇಲ್ಲ!'

"ನಿನ್ನನ್ನ ಮುಖ್ಯ ಅತಿಥಿಯಾಗಿ ಕರೀಬೇಕಂತೆ," ಎಂದಳು ಬೆರಿಲ್ ಅವನ ಮುಖ ನೋಡದೆ. "ಆಗ ನಿನಗೆ ಕೆಲಸ ಇರಲಿ ಇಲ್ಲದಿರಲಿ. ಬರ್ತೀಯಾ ಅಂತ ಕೇಳು ಅಂದ್ರು."

ಅರ್ನಾಲ್ಡ್ ಆ ಮೊದಲ ಸಾಲನ್ನು ಎರಡು ಸಲ ಓದಿದ. ಆಮೇಲೆ ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ಅದರ ಕೆಳಗೇ ತುಂಬಿದ: 'ಅರ್ನಾಲ್ಡ್ ಬಿಬ್ಬಿ: ಪಾತ್ರೆ ತೊಳೆಯುವ 
ಸೋಪು, ಎರಡು ಬಾಟಲಿ.'